ಜೀನ್ಸ್ ಹಾಯಿಯ ದೋಣಿ

ಹಾಯಿಗೆ ಜೇಬು ಇಟ್ಟವರು ಯಾರು ಎಂಬುದೇ ಆ ಭಾನುವಾರ ಬೆಳಿಗ್ಗೆ ಕೆಂಚನಗುಡ್ಡದ ಹೊಳೆದಂಡೆಯಲ್ಲಿ ಎದ್ದ ಮೊದಲ ಪ್ರಶ್ನೆ.

ಬಳ್ಳಾರಿಯಿಂದ ಟೆಂಪೊದಲ್ಲಿ ತಂದು, ಮರಳಿನ ಮೇಲೆ ಬಿಡಿಸಿ ಹಾಸಿದ ಹಾಯಿ ಅದು. ದೋಣಿಗೆ ಕಟ್ಟುವುದಕ್ಕೆಂದೇ ಹೊಲಿದದ್ದು, ಆದರೆ ಜೀನ್ಸ್ ಬಟ್ಟೆಯಲ್ಲಿ. ಬಿಡಿಸಿ ನೋಡಿದರೆ ಅದಕ್ಕೆ ಹಿಂದೆರಡು ಜೇಬು, ಮುಂದೆರಡು ಜೇಬು, ಚಿಲ್ಲರೆ ಇಡಲು ಇನ್ನೊಂದು ಪುಟ್ಟ ಜೇಬು, ಮೇಲ್ಗಡೆ ಬೆಲ್ಟು ತೂರಿಸುವ ಪಟ್ಟಿಗಳು, ನಟ್ಟನಡುವೆ ಒಂದು ಹಿತ್ತಾಳೆಯ ಜಿಪ್ಪು. ಯಾವನೋ ರಾಕ್ಷಸ ಪ್ಯಾಂಟು ಬಿಚ್ಚಿ ದಂಡೆಯಲ್ಲಿಟ್ಟು ಸ್ನಾನಕ್ಕೆ ಇಳಿದ ಹಾಗಿತ್ತು. ನೋಡಲು ಬಂದ ಊರ ಜನ ಒಮ್ಮೆ ಹಾಯಿ ನೋಡಿ, ಒಮ್ಮೆ ಹೊಳೆ ನೋಡಿದರು.

ಜೀನ್ಸ್ ಯೂನಿಟ್ಟಿನ ಮಾಲೀಕ ದೊಡ್ಡಬಸಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು, ಜೇಬು ಹೊಲಿಯುವ ಹುಲುಗೇಶನನ್ನು ಕರೆದ.

"ಲೇ ಹುಲುಗೇಶ, ದೋಣಿ ಇದರಾಗ ಏನ್ ಇಟಗೊಂತೈತಿ? ಮೊಬೈಲೇನು?"

"ನನಗೇನ್ ಗೊತ್ರಿ ಸಾವ್ಕಾರ್ರ. ಬಟ್ಟಿ ಬಂತು, ಜೇಬು ಹಚ್ಚಿದೆ, ಮುಂದ ದಬ್ಬಿದೆ. ತಲಿ ಎತ್ತಿ ನೋಡಿದ್ರ ನೀವ ಬೈತೀರಿ," ಎಂದ ಹುಲುಗೇಶ.

ಅವನು ಹೇಳಿದ್ದು ಸುಳ್ಳೇನಲ್ಲ. ಆ ಯೂನಿಟ್ಟಿನಲ್ಲಿ ಒಬ್ಬನಿಗೆ ಒಂದೇ ಕೆಲಸ. ಜೇಬಿನವನಿಗೆ ಜೇಬು, ಜಿಪ್ಪಿನವನಿಗೆ ಜಿಪ್ಪು, ಪಟ್ಟಿಯವಳಿಗೆ ಪಟ್ಟಿ. ನೀಲಿ ಬಟ್ಟೆ ಒಂದು ತುದಿಯಿಂದ ಹೊರಟರೆ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಪ್ಯಾಂಟಾಗಿರಬೇಕು. ಹಾಯಿಯ ಬಟ್ಟೆಯೂ ಅದೇ ದಾರಿಯಲ್ಲಿ ಹೋಗಿತ್ತು. ಅದಕ್ಕೆ ಕಾಲು ಮೂಡದೆ ಇದ್ದದ್ದೇ ಪುಣ್ಯ.

ಹಾಯಿಯನ್ನು ಕತ್ತರಿಸಿಕೊಟ್ಟವನು ಕಟಿಂಗ್ ಮಾಸ್ಟರ್ ಗಾದಿಲಿಂಗ. ಅವನು ಒಂದು ಮೂಲೆಯಲ್ಲಿ ನಿಂತು ಎದೆ ಹಿಡಿದುಕೊಂಡಿದ್ದ. ಈ ದೋಣಿ ಗೆಲ್ಲುವುದು ಸಾವ್ಕಾರನಿಗೆ ಜಾಹೀರಾತು, ಹುಲುಗೇಶನಿಗೆ ಮೋಜು. ಗಾದಿಲಿಂಗನಿಗೆ ಮಾತ್ರ ಅದು ಸಂಸಾರದ ವಿಷಯ. ಅವನ ಮನೆ ಕುರುಗೋಡಿನಲ್ಲಿ, ಕೆಲಸ ಬಳ್ಳಾರಿಯಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಬಸ್ಸು ಹಿಡಿದರೆ ಮರಳುವುದು ರಾತ್ರಿ ಊರು ಮಲಗಿದ ಮೇಲೆ. ಅವನ ಮೂರು ವರ್ಷದ ಮಗಳು ಅಪ್ಪನನ್ನು ಭಾನುವಾರಕ್ಕೆ ಬರುವ ನೆಂಟನೆಂದು ತಿಳಿದಿದ್ದಳು. ಅವನು ಊಟಕ್ಕೆ ಕೂತರೆ, ಬಂದವರಿಗೆ ಮೊದಲು ನೀರು ಕೊಡು ಎಂದು ತಾಯಿಗೆ ಹೇಳುತ್ತಿದ್ದಳು. ಈಗ ದೊಡ್ಡಬಸಪ್ಪ ಕುರುಗೋಡಿನಲ್ಲೇ ಒಂದು ಸಣ್ಣ ಯೂನಿಟ್ಟು ಹಾಕುವವನಿದ್ದ. ಶೆಡ್ಡು ಗೊತ್ತುಮಾಡಿಯಾಗಿತ್ತು. ಗಾದಿಲಿಂಗನ ಮನೆಯ ಹಿತ್ತಲಿನಿಂದ ಕೂಗಿದರೆ ಕೇಳಿಸುವಷ್ಟು ದೂರ. ಹೊಳೆ ಹಬ್ಬದ ಹಾಯಿದೋಣಿ ಪಂದ್ಯದಲ್ಲಿ ನಮ್ಮ ದೋಣಿ ಗೆದ್ದರೆ ಅಲ್ಲಿಗೆ ನೀನೇ ಮಾಸ್ಟರ್ ಎಂದು ಸಾವ್ಕಾರ ಶುಕ್ರವಾರ ಎಲ್ಲರೆದುರು ಹೇಳಿಬಿಟ್ಟಿದ್ದ. ಸೋತರೆ ಏನು ಎಂದು ಯಾರೂ ಕೇಳಿರಲಿಲ್ಲ. ಗಾದಿಲಿಂಗನಂತೂ ಕೇಳಲು ಹೆದರಿದ್ದ.

ಪಂದ್ಯ ಸರಳ. ಕೆಂಚನಗುಡ್ಡದ ದಂಡೆಯಿಂದ ಕೆಳಗೆ, ಕೆಂಪು ಬಾವುಟ ನೆಟ್ಟ ಜಾಗದವರೆಗೆ, ಆಷಾಢದ ಗಾಳಿಯ ಬಲದಿಂದಲೇ ಹೋಗಬೇಕು. ಹುಟ್ಟು ಹಾಕುವಂತಿಲ್ಲ. ದೋಣಿ ಮೊದಲು ಬಾವುಟ ದಾಟಿದರೆ ಸಾಕು. ಇನ್ನೊಂದೇ ನಿಯಮ: ದೋಣಿ, ಹಾಯಿ, ಜನ ಎಲ್ಲ ಸೇರಿ ತೂಕ ನಾಲ್ಕು ಕ್ವಿಂಟಲ್ ದಾಟಬಾರದು.

ತೂಗಲು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಿಂದ ದೊಡ್ಡ ಕಾಟಾ ಬಂದಿತ್ತು. ಕಾಟಾದ ಜೊತೆ ಸುಂಕಪ್ಪನೂ ಬಂದಿದ್ದ. ಅವನು ಗಿರಣಿಯಲ್ಲಿ ರೈತರ ಭತ್ತ ತೂಗುತ್ತಲೇ ಕೂದಲು ಬೆಳ್ಳಗಾದ ಮನುಷ್ಯ. ದೊಡ್ಡಬಸಪ್ಪನ ದೋಣಿಯನ್ನು ಒಮ್ಮೆ, ಅದರಲ್ಲಿ ಹೋಗುವ ನಾಲ್ವರನ್ನು ಒಮ್ಮೆ ಕಾಟಾದ ಮೇಲೆ ಹತ್ತಿಸಿ, ಕಣ್ಣು ಅರೆಮುಚ್ಚಿ, ರಾಗವಾಗಿ ಹೇಳಿದ:

"ನಾಲ್ಕು ಎಪ್ಪತ್ತು. ತೇವಕ್ಕ ಹೋತು, ಚೀಲಕ್ಕ ಹೋತು, ಮಣ್ಣಿಗೆ ಹೋತು. ನಾಲ್ಕು ಐವತ್ತು ಬರಕೊಳ್ರಿ."

ದೊಡ್ಡಬಸಪ್ಪನ ಕಣ್ಣು ದೀಪಾವಳಿಯಾಯಿತು. ಕೈ ಅಲ್ಲಾಡಿಸದೆ ಇಪ್ಪತ್ತು ಕೆಜಿ ಇಳಿದಿತ್ತು. ಇನ್ನೊಮ್ಮೆ ತೂಗು ಎಂದ. ಸುಂಕಪ್ಪ ತೂಗಿದ, ಹುಲುಗೇಶ ಬೆವೆತಿದ್ದರಿಂದ ತೇವಕ್ಕೆ ಇನ್ನಷ್ಟು ಕಡಿದ. ಹೀಗೇ ಮಧ್ಯಾಹ್ನದವರೆಗೆ ತೂಗುತ್ತಿದ್ದರೆ ದೋಣಿ ಗಾಳಿಯಲ್ಲಿ ತೇಲುತ್ತದೆ ಎಂದು ದೊಡ್ಡಬಸಪ್ಪ ಲೆಕ್ಕ ಹಾಕುವಷ್ಟರಲ್ಲಿ, ಅದೇ ಗಿರಣಿಯ ಮಾಲೀಕ ಓಡಿ ಬಂದ. ಅವನದೂ ಒಂದು ದೋಣಿ ಪಂದ್ಯದಲ್ಲಿತ್ತು. ಇದೆಂಥ ತೂಕ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಪ್ಪ ಎಂದು ತಕರಾರು ತೆಗೆದ.

ನೋಡುತ್ತ ನಿಂತಿದ್ದ ಹಚ್ಚೊಳ್ಳಿಯ ರೈತರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕಿರಲಿಲ್ಲ. ಅವರಲ್ಲೊಬ್ಬ ಮುದುಕ ಮುಂದೆ ಬಂದು, ನೆಲಕ್ಕೆ ಕೋಲೂರಿ, ಮೆಲ್ಲಗೆ ಕೇಳಿದ: "ನಮ್ಮ ಭತ್ತಕ್ಕ ಮಾಡಿದ ನ್ಯಾಯ ದೋಣಿಗ್ಯಾಕ ಬ್ಯಾಡ್ರಿ ಯಪ್ಪಾ?"

ಗಿರಣಿಯವನು ಆ ಕೋಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ಹಬ್ಬದ ಸಮಿತಿಯವರು ತಲೆ ಕೆರೆದುಕೊಂಡು, ಕಡಿತ ಒಂದೇ ಸಲ, ಎಲ್ಲ ದೋಣಿಗೂ ಒಂದೇ ಥರ ಎಂದು ತೀರ್ಪು ಕೊಟ್ಟರು. ಅಲ್ಲಿಗೆ ದೊಡ್ಡಬಸಪ್ಪನ ದೋಣಿ ಇನ್ನೂ ಐವತ್ತು ಕೆಜಿ ಹೆಚ್ಚಿಗಿತ್ತು.

ಎಲ್ಲರೂ ಗಾದಿಲಿಂಗನ ಮುಖ ನೋಡಿದರು. ಬಟ್ಟೆ ಉಳಿಸಿ ಕತ್ತರಿಸುವುದರಲ್ಲಿ ಅವನು ಹೆಸರುವಾಸಿ. ಏನಾದರೂ ಹೇಳಲೇಬೇಕಲ್ಲ ಎಂದು ಅವನು ಗಂಟಲು ಸರಿಮಾಡಿಕೊಂಡ.

"ಬ್ಯಾಡಾದ್ದೆಲ್ಲ ತೂಕ ಐತ್ರಿ ಸಾವ್ಕಾರ್ರ. ಮೊದಲ ಜೇಬು ಬಿಚ್ಚೂಣು."

ಮಾತು ದೊಡ್ಡಬಸಪ್ಪನಿಗೆ ಮಿಠಾಯಿಯ ಹಾಗೆ ಹಿಡಿಸಿತು. ಬ್ಯಾಡಾದ್ದೆಲ್ಲ ತೂಕ, ಬ್ಯಾಡಾದ್ದೆಲ್ಲ ತೂಕ ಎಂದು ನಾಲಗೆಯ ಮೇಲೆ ಹೊರಳಿಸುತ್ತ, ಸಮಿತಿಯವರಿಗೂ ಹೇಳಿದ, ಚಹದವನಿಗೂ ಹೇಳಿದ, ಫೋನು ಮಾಡಿ ಗಾಂಧಿನಗರದ ತನ್ನ ಭಾವಮೈದುನನಿಗೂ ಹೇಳಿದ. ತನ್ನ ಬಾಯಿಂದ ಇಷ್ಟು ದೊಡ್ಡ ಮಾತು ಬಿದ್ದದ್ದು ಕಂಡು ಗಾದಿಲಿಂಗನಿಗೇ ಹೆದರಿಕೆಯಾಯಿತು.

ದಾರ ಕತ್ತರಿಸುವ ಕೊಟ್ರಬಸಮ್ಮ ಮರಳಿನಲ್ಲಿ ಕಾಲು ಚಾಚಿ ಕೂತು, ಕೊರಳಲ್ಲಿ ನೇತಾಡುವ ಕಿರುಗತ್ತರಿ ತೆಗೆದು, ಜೇಬುಗಳನ್ನು ಕೋಳಿಯ ಪುಕ್ಕ ಕಿತ್ತ ಹಾಗೆ ಕಿತ್ತಳು. ಪಟ್ಟಿ ಹೋದವು, ಜಿಪ್ಪು ಹೋಯಿತು, ತಾಮ್ರದ ಗುಂಡಿ ಹೋದವು. ಹುಲುಗೇಶ ತಾನು ಹೊಲಿದದ್ದು ಹೋಗುವುದನ್ನು ನೋಡಲಾಗದೆ ಮುಖ ತಿರುಗಿಸಿ ನಿಂತ.

ಆಮೇಲೆ ದೋಣಿಯ ಸರದಿ. ದೋಣಿ ಜಡೆಪ್ಪನದು. ಆ ದಂಡೆಯ ಮೀನುಗಾರ. ಪಂದ್ಯದಲ್ಲಿ ಚುಕ್ಕಾಣಿ ಹಿಡಿಯುವವನೂ ಅವನೇ. ಕೂಡುವ ಹಲಗೆ ಕಿತ್ತರು. ಬಲೆ ಇಡುವ ಪೆಟ್ಟಿಗೆ ಕಿತ್ತರು. ಲಂಗರಿನ ಕಲ್ಲು ಎತ್ತಿ ಹೊರಗಿಟ್ಟರು. ಜಡೆಪ್ಪ ಒಂದೊಂದನ್ನೂ ಎತ್ತಿಕೊಂಡು ಹೋಗಿ, ಹೆಣ ಸಾಲಾಗಿ ಮಲಗಿಸಿದ ಹಾಗೆ ದಂಡೆಯಲ್ಲಿ ಜೋಡಿಸಿದ. ದೋಣಿಯ ಬಣ್ಣ ಕೆರೆದರೆ ಇನ್ನೆರಡು ಕೆಜಿ ಇಳಿಯುತ್ತದೆ ಎಂದು ಯಾರೋ ಹೇಳಿದ್ದೇ ತಡ, ಅವನು ದೋಣಿಯೊಳಗೆ ಅಂಗಾತ ಮಲಗಿಬಿಟ್ಟ. ಈಗ ತೂಗ್ರಿ ಎಂದ. ಬಣ್ಣದ ಮಾತು ಅಲ್ಲಿಗೆ ನಿಂತಿತು.

ಆದರೆ ಊರ ಬಾಯಿ ನಿಲ್ಲಲಿಲ್ಲ. ಕಂಡವರ ದೋಣಿಯ ತೂಕ ಇಳಿಸುವುದಕ್ಕಿಂತ ಖುಷಿಯ ಕೆಲಸ ಇನ್ನೊಂದಿಲ್ಲ. ಒಬ್ಬ, ದೋಣಿಯಲ್ಲಿ ಕೂತವರು ಉಸಿರು ಪೂರ್ತಿ ಹೊರಗೆ ಬಿಟ್ಟು ಕೂಡಬೇಕೆಂದ. ಅವನ ಪಕ್ಕದವನು, ಉಸಿರು ಹಗುರ, ಅದನ್ನು ಒಳಗೇ ತುಂಬಿಕೊಳ್ಳಬೇಕೆಂದ. ಇಬ್ಬರೂ ಇದರ ಮೇಲೆ ಕೊರಳಪಟ್ಟಿ ಹಿಡಿಯುವ ಹಂತಕ್ಕೆ ಹೋದರು. ಒಬ್ಬ ಹೆಂಗಸು, ಹಾಯಿ ಬಿಸಿಲಿಗೆ ಒಣಗಿಸಿದರೆ ಸಂಡಿಗೆಯ ಹಾಗೆ ಹಗುರಾಗುತ್ತದೆ ಎಂದು ಅದನ್ನು ಮಗ್ಗುಲು ಬದಲಿಸಿ ಹಾಕಿದಳು. ಇನ್ನೊಬ್ಬ ಬಲೂನಿನವನನ್ನೇ ಕರೆತಂದ. ಅವನ ಗ್ಯಾಸಿನ ಬಲೂನುಗಳನ್ನೆಲ್ಲ ಹಾಯಿಗಂಬಕ್ಕೆ ಕಟ್ಟಿ ತೂಗಿದರೆ ಕಾಟಾದ ಮುಳ್ಳು ಕದಲಲಿಲ್ಲ. ದೊಡ್ಡಬಸಪ್ಪ ಆಸೆಯಿಂದ ಸುಂಕಪ್ಪನ ಕಡೆ ನೋಡಿದ. ಗಾಳಿಗೆ ಕಡಿತ ಇಲ್ಲ ಎಂದ ಸುಂಕಪ್ಪ.

ಜನರ ಮೈಮೇಲೂ ಕಣ್ಣು ಬಿತ್ತು. ಯಾರೂ ತಿಂಡಿ ತಿನ್ನಬಾರದೆಂದು ಅಪ್ಪಣೆಯಾಯಿತು. ಹುಲುಗೇಶನ ತಲೆಗೂದಲು ದಟ್ಟವಾಗಿದೆ, ಬೋಳಿಸಿದರೆ ಹೇಗೆ ಎಂಬ ಮಾತು ಬಂತು. ಈ ಕೂದಲು ದೇವರಿಗೆ ಹರಕೆ ಹೊತ್ತದ್ದು, ದೋಣಿಗೆ ಕೊಟ್ಟರೆ ನಾಳೆ ದೇವರು ಕೇಳಿದಾಗ ಏನು ತೋರಿಸಲಿ ಎಂದು ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ದೊಡ್ಡಬಸಪ್ಪನ ನೋಟ ಅಲ್ಲಿಂದ ಜಾರಿ ಗಾದಿಲಿಂಗನ ಮೀಸೆಯ ಮೇಲೆ ನಿಂತಿತು.

"ಅದು ಬೇಕೇನು?"

ಗಾದಿಲಿಂಗ ಮೀಸೆ ಮುಟ್ಟಿಕೊಂಡ. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಪಕ್ಕಕ್ಕೆ ಹೋಗಿ ಹೆಂಡತಿ ನೀಲಾವತಿಗೆ ಫೋನು ಮಾಡಿದ. ನೀಲಾವತಿ ಅವತ್ತು ಬೆಳಿಗ್ಗೆಯಿಂದ ಆರು ಸಲ ಫೋನು ಮಾಡಿ, ದೋಣಿ ಬಿಟ್ಟಿತೇ ಎಂದು ಕೇಳಿದ್ದಳು. ಮೀಸೆಯ ವಿಷಯ ಕೇಳಿ ಅವಳು ಅರೆಕ್ಷಣವೂ ಯೋಚಿಸಲಿಲ್ಲ. "ಕುರುಗೋಡಕ ಬರ್ತೀರಂದ್ರ ಹುಬ್ಬೂ ತಗೀರಿ," ಎಂದಳು.

ಕೊಟ್ರಬಸಮ್ಮನ ಕತ್ತರಿ ಆಡಿತು. ಮೀಸೆ ಹೋದ ಗಾದಿಲಿಂಗ ಹಾಲು ಕುಡಿದು ಬಾಯಿ ಒರೆಸಿಕೊಂಡ ಬೆಕ್ಕಿನ ಹಾಗೆ ಕಂಡ. ಕತ್ತರಿಸುತ್ತಲೇ ಅವಳು ಅವನ ಕಿವಿಯ ಬಳಿ ಬಾಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದಳು:

"ಮಾಸ್ಟರ್, ಜೇಬು ಮೀಸಿ ಎಲ್ಲಾ ನೋಡ್ತೀರಿ. ಆನಿ ಒಂದು ನಿಂತೈತಲ್ಲ, ಅದನ್ಯಾಕ ನೋಡವಲ್ರಿ?"

ಗಾದಿಲಿಂಗ ಅವಳ ಬಾಯಿ ಮುಚ್ಚುವ ಹಾಗೆ ಕೈ ಮಾಡಿದ. ಆನೆ ಎಂದರೆ ದೊಡ್ಡಬಸಪ್ಪ. ದೋಣಿಯಲ್ಲಿ ಹೋಗುವ ನಾಲ್ವರಲ್ಲಿ ಅವನೂ ಒಬ್ಬ, ಹಾಯಿಯ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೆ. ಜಡೆಪ್ಪ, ಹುಲುಗೇಶ, ಗಾದಿಲಿಂಗ ಮೂವರನ್ನು ಒಂದು ಕಡೆ ಕೂರಿಸಿ ಅವನೊಬ್ಬನನ್ನು ಇನ್ನೊಂದು ಕಡೆ ಕೂರಿಸಿದರೆ ದೋಣಿ ಸಮತೂಕದಲ್ಲಿರುತ್ತಿತ್ತು. ಬೆಳಿಗ್ಗೆಯಿಂದ ಇಡೀ ಊರು ಕಂಡದ್ದು ಅದನ್ನೇ. ಇಡೀ ಊರು ಆಡದೆ ಉಳಿಸಿದ್ದೂ ಅದನ್ನೇ. ಹೇಳಿದರೆ ಸಾವ್ಕಾರ ಸಿಟ್ಟಾಗುತ್ತಾನೆ, ಕುರುಗೋಡು ಹೋಗುತ್ತದೆ. ಹೇಳದಿದ್ದರೆ ದೋಣಿ ಸೋಲುತ್ತದೆ, ಕುರುಗೋಡು ಹೋಗುತ್ತದೆ. ಗಾದಿಲಿಂಗ ಮರಳಿಗೆ ಬಿದ್ದ ಮೀಸೆಯನ್ನು ಕಾಲಿನಿಂದ ಮುಚ್ಚಿ, ಕಾಟಾದ ಕಡೆ ನಡೆದ.

ಕೊನೆಯ ಸಲ ತೂಗಿದಾಗ, ಸುಂಕಪ್ಪನ ತೇವ, ಚೀಲ, ಮಣ್ಣು ಎಲ್ಲ ಕಳೆದು, ಸರಿಯಾಗಿ ನಾಲ್ಕು ಕ್ವಿಂಟಲ್ಲಿಗೆ ಬಂತು. ದಂಡೆಯಲ್ಲಿ ಚಪ್ಪಾಳೆ. ಗೆದ್ದೇಬಿಟ್ಟೆವು ಎಂದು ದೊಡ್ಡಬಸಪ್ಪ ದೋಣಿ ಹತ್ತಿದ. ದೋಣಿ ಒಂದು ಗೇಣು ಕೆಳಗಿಳಿದು ನಿಟ್ಟುಸಿರು ಬಿಟ್ಟಿತು.

ಶಿಳ್ಳೆ ಊದಿದರು. ಏಳು ದೋಣಿ ಹೊರಟವು. ಗಿರಣಿಯವನ ದೋಣಿಯಲ್ಲಿ ಕಡ್ಡಿಯಂಥ ಇಬ್ಬರು ಹುಡುಗರು, ಪಂಚೆಯಂಥ ತೆಳು ಹಾಯಿ. ಅದು ನೀರಿನ ಮೇಲೆ ಜಿಗಿಯುತ್ತ ಮುಂದೆ ಹೋಯಿತು. ಉಳಿದವೂ ಅದರ ಬೆನ್ನುಹತ್ತಿದವು. ಜೀನ್ಸಿನ ದೋಣಿ ಮಾತ್ರ ಊಟವಾದ ಮೇಲೆ ವಾಕಿಂಗ್ ಹೊರಟವರ ಹಾಗೆ ಹೊರಟಿತು. ಸಾಲದ್ದಕ್ಕೆ ಅಲೆಯ ನೀರು ಹಾರಿ ಹಾರಿ ಹಾಯಿಗೆ ಬೀಳುತ್ತಿತ್ತು, ಜೀನ್ಸ್ ಬಟ್ಟೆ ಅದನ್ನು ಬಾಯಾರಿದ ಎಮ್ಮೆಯ ಹಾಗೆ ಕುಡಿಯುತ್ತಿತ್ತು. ಬೆಳಿಗ್ಗೆಯಿಂದ ಇಳಿಸಿದ್ದೆಲ್ಲ ಮೆಲ್ಲಗೆ ಮರಳಿ ಬಂದು ಹಾಯಿಯಲ್ಲಿ ಸೇರಿಕೊಂಡಿತು. ಹಗ್ಗ ಹಿಡಿದಿದ್ದ ಗಾದಿಲಿಂಗನ ತೋಳು ಅದರ ಭಾರಕ್ಕೆ ಉದ್ದವಾಗತೊಡಗಿದವು.

"ಬ್ಯಾಡಾದ್ದೆಲ್ಲ ಒಗೀರಿ," ಎಂದ ದೊಡ್ಡಬಸಪ್ಪ.

ನೀರಿನ ಕ್ಯಾನು ಹೋಯಿತು. ಚಪ್ಪಲಿಗಳು ಹೋದವು. ನೀಲಾವತಿ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟು ಹೋಯಿತು. ಗಾದಿಲಿಂಗ ಅದನ್ನು ಕಣ್ಣಲ್ಲೇ ದೂರದವರೆಗೆ ಕಳಿಸಿಕೊಟ್ಟ. ಗೊಂದಲದಲ್ಲಿ ಹುಲುಗೇಶ ಬಲೂನುಗಳನ್ನೂ ಬಿಚ್ಚಿ ಎಸೆದ. ಅವು ಕೆಳಗೆ ಬೀಳುವ ಬದಲು ಮೇಲೆ ಹೋದವು. ತೂಕ ಇಳಿಯಿತೋ ಏರಿತೋ ಎಂದು ಎಲ್ಲರೂ ಸ್ವಲ್ಪ ಹೊತ್ತು ಆಕಾಶ ನೋಡಿದರು. ದೊಡ್ಡಬಸಪ್ಪ ತಲೆ ಇಳಿಸಿ ಹುಲುಗೇಶನನ್ನು ನೋಡಿದ. ಹುಲುಗೇಶನಿಗೆ ಅರ್ಥವಾಯಿತು. ದಂಡೆಯಲ್ಲಿ ಮಿರ್ಚಿ ಕರಿಯುವ ವಾಸನೆ ಆಗಲೇ ಅವನನ್ನು ಕರೆಯುತ್ತಿತ್ತು. ನನ್ನ ಜೇಬು ಬ್ಯಾಡಾದ ಮ್ಯಾಲ ನಾ ಯಾಕ ಎಂದು ಹೇಳಿ, ತಣ್ಣಗೆ ನೀರಿಗೆ ಹಾರಿ ಈಜಿಕೊಂಡು ಹೋದ.

ಅಷ್ಟಾದರೂ ದೋಣಿ ಕಡೆಯದೇ. ದಂಡೆಯುದ್ದಕ್ಕೂ ಜನ ಜೊತೆಗೇ ನಡೆದು ಬರುತ್ತಿದ್ದರು. ದೋಣಿಗಿಂತ ಅವರೇ ಮುಂದಿದ್ದರು. ಕೊಟ್ರಬಸಮ್ಮ ಸೆರಗು ಸಿಕ್ಕಿಸಿಕೊಂಡು, ಬಾಯಿಗೆ ಎರಡೂ ಕೈ ಹಚ್ಚಿ, ಮಾಸ್ಟರ್ ಇನ್ನೂ ಒಂದು ಐತಿ ಎಂದು ಕೂಗುತ್ತಿದ್ದಳು.

"ಏನಂತಾಳಾಕಿ? ಇನ್ನೇನೈತಿ ಒಗಿಯಾಕ?" ಎಂದು ಕೇಳಿದ ದೊಡ್ಡಬಸಪ್ಪ.

ಚುಕ್ಕಾಣಿ ಹಿಡಿದ ಜಡೆಪ್ಪ ನದಿಯನ್ನು ಮೊದಲ ಸಲ ಕಾಣುತ್ತಿರುವವನ ಹಾಗೆ ಬೇರೆ ಕಡೆ ನೋಡಿದ. ಗಾದಿಲಿಂಗನಿಗೆ ಕೆಂಪು ಬಾವುಟ ಕಂಡಿತು. ಅದರ ಹಿಂದೆ ಕುರುಗೋಡಿನ ಶೆಡ್ಡು, ಶೆಡ್ಡಿನ ಹಿಂದೆ ತನ್ನ ಮನೆ, ಮಧ್ಯಾಹ್ನದ ಬಿಸಿ ಊಟ, ಬಾಗಿಲಲ್ಲಿ ಮಗಳು, ಎಲ್ಲ ಕಂಡವು. ಎಲ್ಲಿತ್ತೋ ಧೈರ್ಯ, ಹಗ್ಗವನ್ನು ಇನ್ನೂ ಗಟ್ಟಿಯಾಗಿ ಹಿಡಿದು ಹೇಳಿಯೇಬಿಟ್ಟ.

"ಸಾವ್ಕಾರ್ರ, ಇನ್ನ ಉಳಿದಿದ್ದು ನೀವ."

ದೊಡ್ಡಬಸಪ್ಪ ತನ್ನ ಹೊಟ್ಟೆಯನ್ನು, ಇದು ಯಾರದು, ಇಲ್ಲಿ ಬಂದು ಕೂತಿದೆ ಎಂಬಂತೆ ನೋಡಿಕೊಂಡ. ಮುಖ ಕೆಂಪಾಯಿತು, ಆಮೇಲೆ ಕಪ್ಪಾಯಿತು.

"ನಾ ಬ್ಯಾಡಾದ್ದು ಅಂತೀಯೇನು?"

"ದೋಣಿಗಷ್ಟರಿ. ಬಳ್ಳಾರಿಗೆ ಬೇಕ ಬೇಕು."

"ಇಲ್ಲೆ ಉಸುಕಿನ ದಿಬ್ಬ ಐತ್ರಿ. ನೀರು ಮೊಣಕಾಲಮಟ," ಎಂದ ಜಡೆಪ್ಪ, ಇನ್ನೂ ಬೇರೆ ಕಡೆಯೇ ನೋಡುತ್ತ.

ದೊಡ್ಡಬಸಪ್ಪ ದಿಬ್ಬವನ್ನು ನೋಡಿದ, ಬಾವುಟವನ್ನು ನೋಡಿದ. ಆಮೇಲೆ ಎದ್ದು, ಪ್ಯಾಂಟಿನ ಕಾಲು ಮಡಚಿ, ಮದುವೆ ಮನೆಯಲ್ಲಿ ಮೆಟ್ಟಿಲಿಳಿಯುವ ಬೀಗರ ಗತ್ತಿನಲ್ಲಿ ಹೊಳೆಗೆ ಇಳಿದ. ಮೊಣಕಾಲುಮಟ ಎಂದದ್ದು ಸೊಂಟಮಟವಿತ್ತು. ಅವನು ಅಲ್ಲೇ ನಿಂತ.

ದೋಣಿ ನೀರಿನಿಂದ ಮೇಲೆದ್ದಿತು. ಹೇರು ಇಳಿಸಿದ ಹೋರಿಯ ಹಾಗೆ ಮೈ ಕೊಡವಿ ನೆಗೆಯಿತು. ಆಷಾಢದ ಗಾಳಿ ಆಗಲೇ ಬಿರುಸಾಗಿತ್ತು, ಒದ್ದೆ ಜೀನ್ಸು ಅದಕ್ಕೆ ಗೋಡೆಯಾಗಿ ನಿಂತಿತು. ತೆಳು ಹಾಯಿಗಳು ಪಟಪಟ ಹರಿಯುತ್ತಿದ್ದ ಆ ಬಿರುಗಾಳಿಯನ್ನು ಅದು ಒಂದು ತೊಟ್ಟೂ ಬಿಡದೆ ಹಿಡಿಯಿತು. ಒಂದು ದೋಣಿ ಹಿಂದೆ ಬಿತ್ತು, ಇನ್ನೆರಡು ಬಿದ್ದವು, ಮತ್ತೆರಡೂ ಬಿದ್ದವು. ಗಿರಣಿಯವನ ದೋಣಿಯ ಪಂಚೆ ನಡುವೆ ಸೀಳಿ, ಹುಡುಗರು ಅದರ ಎರಡು ತುದಿ ಹಿಡಿದು ಒಬ್ಬರನ್ನೊಬ್ಬರು ಬಯ್ಯುತ್ತಿರುವಾಗ, ಮೀಸೆಯಿಲ್ಲದ ಗಾದಿಲಿಂಗ ಕಣ್ಣು ಮುಚ್ಚಿಕೊಂಡೇ ಕೆಂಪು ಬಾವುಟ ದಾಟಿದ.

ಜನ ಅವನನ್ನು ಹೆಗಲ ಮೇಲೆ ಹೊತ್ತರು. ಆದರೆ ಹೆಗಲ ಮೇಲಿದ್ದರೂ ಅವನ ಕಣ್ಣು ಹೊಳೆಯ ಮೇಲೇ. ಸಾವ್ಕಾರನನ್ನು ನಡುನೀರಿನಲ್ಲಿ ಇಳಿಸಿದವನಿಗೆ ಯಾವ ಕುರುಗೋಡು? ಅಷ್ಟರಲ್ಲಿ ದಂಡೆಯ ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಬಂತು. ಟ್ರೇಲರಿನಲ್ಲಿ ಸೊಂಟದವರೆಗೆ ಒದ್ದೆಯಾದ ದೊಡ್ಡಬಸಪ್ಪ. ಇಳಿದವನೇ ನೇರ ಗಾದಿಲಿಂಗನ ಕಡೆ ಬಂದ. ಗಾದಿಲಿಂಗ ಕೈ ಮುಗಿಯಲು ಹೋದ. ದೊಡ್ಡಬಸಪ್ಪ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರಿತ್ತು, ಅದು ಹೊಳೆಯದಲ್ಲ.

ವೇದಿಕೆಯ ಮೇಲೆ ಮೈಕು ಹಿಡಿದು ಅವನು ಮಾತಾಡಿದ. ನನ್ನ ಜೀವನದಲ್ಲಿ ನನಗೆ ನಿಜ ಹೇಳಿದವನು ಇವನೊಬ್ಬನೇ ಎಂದ. ನೀರಿನಲ್ಲಿ ಒಬ್ಬನೇ ನಿಂತಾಗ ಕಣ್ಣು ತೆರೆಯಿತು, ನಾನಿಲ್ಲದೆ ದೋಣಿ ಹೇಗೆ ಹಾರಿತು ನೋಡಿದಿರಲ್ಲ ಎಂದ. ಜನ ಚಪ್ಪಾಳೆ ತಟ್ಟಿದರು. ಗಾದಿಲಿಂಗನ ಎದೆ ಹಾಯಿಯಾಯಿತು. ಕುರುಗೋಡಿನ ಹೆಸರು ಇನ್ನೇನು ಬರುತ್ತದೆ ಎಂದು ಕಿವಿ ನಿಮಿರಿಸಿ ನಿಂತ. ಬಂತು.

"ಬ್ಯಾಡಾದ್ದೆಲ್ಲ ತೂಕ. ಇವತ್ತಿಂದ ನನ್ನ ಯೂನಿಟ್ಟೂ ಹಿಂಗ ನಡೀತೈತಿ. ಕುರುಗೋಡದಾಗ ಒಂದು ಹಾಕಬೇಕಂತ ಮಾಡಿದ್ದೆ. ಬ್ಯಾಡಾದ್ದು. ಬಿಟ್ಟೆ. ಬಳ್ಳಾರಿಯಾಗ ಇಬ್ರು ಕಟಿಂಗ್ ಮಾಸ್ಟರ್ ಅದಾರ. ಯಾಕ ಇಬ್ರು? ಇನ್ನೊಬ್ಬಾತಗ ನಮಸ್ಕಾರ ಹೇಳಿ ಕಳಿಸ್ತೀನಿ. ಎರಡೂ ಟೇಬಲ್ ನನ್ನ ಗಾದಿಲಿಂಗನ ನೋಡ್ಕೊಂತಾನ. ಮುಂಜಾನಿ ಒಂದು ತಾಸು ಮೊದಲ ಬಾರಪ್ಪ, ಸಾಕು."

ಜನ ಮತ್ತೆ ಚಪ್ಪಾಳೆ ತಟ್ಟಿದರು. ಸಮಿತಿಯವರು ಗಾದಿಲಿಂಗನ ಕೊರಳಿಗೆ ದೊಡ್ಡ ಹಾರ ಹಾಕಿದರು. ಹಾರದ ಭಾರಕ್ಕೆ ಅವನ ಕುತ್ತಿಗೆ ಬಾಗಿತು. ಎಂಥ ವಿನಯ ನೋಡಿರಿ ಎಂದು ಮುಂದಿನ ಸಾಲಿನವರು ಮಾತಾಡಿಕೊಂಡರು.

ವೇದಿಕೆಯಿಂದ ಇಳಿಯುತ್ತಿದ್ದಂತೆ ನೀಲಾವತಿಯ ಫೋನು ಬಂತು. ಗೆದ್ದ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಓಣಿಗೆಲ್ಲ ಸಕ್ಕರೆ ಹಂಚಿದ್ದೇನೆಂದಳು, ಮಗಳಿಗೆ ಹೊಸ ಲಂಗ ಹಾಕಿದ್ದೇನೆಂದಳು. ಅವನಿಗೆ ನಡುವೆ ಬಾಯಿ ಹಾಕಲು ಜಾಗವೇ ಸಿಗಲಿಲ್ಲ.

"ಇನ್ನ ಮ್ಯಾಲ ಆರಾಮಾತಲ್ರಿ. ನಾಳೆ ಎಷ್ಟೊತ್ತಿಗೆ ಎಬ್ಬಿಸ್ಲಿ? ಎಂಟಕ್ಕೇನು?"

ಗಾದಿಲಿಂಗ ಮೀಸೆ ಇದ್ದ ಜಾಗವನ್ನು ಒಮ್ಮೆ ಸವರಿಕೊಂಡ.

"ನಾಲ್ಕಕ್ಕ," ಎಂದ.